ಕಂಪ್ಯೂಟರ್ ಕಚ್ಚಿ ನೋಡಿದ ಅಪ್ಪ

ಕಂಪ್ಯೂಟರನ್ನು ಒತ್ತಿ ನೋಡುವವರಿದ್ದಾರೆ, ತಟ್ಟಿ ನೋಡುವವರಿದ್ದಾರೆ, ದೂರದಿಂದಲೇ ಕೈಮುಗಿದು ಹೋಗುವವರೂ ಇದ್ದಾರೆ. ಕಚ್ಚಿ ನೋಡಿದವರು ಮಾತ್ರ ಈ ಭೂಮಿಯ ಮೇಲೆ ಒಬ್ಬರೇ. ಅವರು ನನ್ನ ಅಪ್ಪ! ನಗಬೇಡಿ. ನಗುವ ಹಕ್ಕು ಮೊದಲು ನನ್ನದು. ಏಕೆಂದರೆ ಆ ಹೊತ್ತಿಗೆ ಅಂಗಡಿಯಲ್ಲಿ ಅವರ ಪಕ್ಕ ನಿಂತು ಮಾನ ಕಳೆದುಕೊಂಡವಳು ನಾನು.

ಅಪ್ಪನ ಹಲ್ಲಿನ ಚರಿತ್ರೆ ಗೊತ್ತಿಲ್ಲದವರಿಗೆ ಇದು ಹುಚ್ಚು ಎನಿಸಬಹುದು. ಗೊತ್ತಿರುವ ನಮಗೂ ಹಾಗೇ ಎನಿಸುತ್ತದೆ. ಮಲ್ಲಂದೂರಿನ ಬಳಿ ನಮ್ಮದೊಂದು ಕಾಫಿ ತೋಟವಿದೆ. ಎಸ್ಟೇಟ್ ಎಂದರೆ ನಿಜವಾದ ಎಸ್ಟೇಟಿನವರು ನಕ್ಕಾರು, ಅಷ್ಟು ಚಿಕ್ಕದು. ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು, ಕಣದಲ್ಲಿ ಹರವಿದ ಬೀಜಕ್ಕೆ ನಮ್ಮಲ್ಲಿ ಪಾರ್ಚ್‌ಮೆಂಟ್ ಎನ್ನುತ್ತಾರೆ. ಅದು ಒಣಗಿದೆಯೋ ಇಲ್ಲವೋ ಎಂದು ತಿಳಿಯಲು ಹಳಬರು ಒಂದು ಬೀಜ ಸುಲಿದು ಹಲ್ಲಿನ ನಡುವೆ ಇಟ್ಟು ಕಚ್ಚುತ್ತಾರೆ. ಹಲ್ಲು ಊರಿದರೆ ಹಸಿ. 'ಕಟ್' ಎಂದರೆ ಒಣಗಿದೆ, ಚೀಲಕ್ಕೆ ತುಂಬಬಹುದು. ಹಸಿ ಇದ್ದಾಗಲೇ ತುಂಬಿದಿರೋ, ಒಳಗೇ ಬೂಸ್ಟು ಹಿಡಿದು ವರ್ಷದ ದುಡಿಮೆ ಮಣ್ಣುಪಾಲು. ತೇವಾಂಶ ಅಳೆಯುವ ಮೆಷಿನ್ ಬಂದು ಎಷ್ಟೋ ಕಾಲವಾಯಿತು. ಆದರೆ ಅಪ್ಪನದು ಒಂದೇ ಪ್ರಶ್ನೆ: "ಮೆಷಿನ್ನಿಗೆ ಹಲ್ಲಿದ್ಯಾ?" ಇದಕ್ಕೆ ಯಾವ ವಿಜ್ಞಾನಿ ತಾನೇ ಉತ್ತರ ಕೊಟ್ಟಾನು!

ಕಾಫಿಗೇ ನಿಂತಿದ್ದರೆ ಮರ್ಯಾದೆಯಾಗಿ ಇರುತ್ತಿತ್ತು. ನಿಲ್ಲಲಿಲ್ಲ! ಸೋಪು, ಮೇಣದಬತ್ತಿ, ಚಪ್ಪಲಿಯ ಪಟ್ಟಿ, ಕೊಡೆಯ ಹಿಡಿ, ಹೊಸದೇನು ಮನೆಗೆ ಬಂದರೂ ಅಪ್ಪನ ಹಲ್ಲಿನಲ್ಲಿ ಪಾಸಾಗಬೇಕು. ಅಕ್ಕನ ಮದುವೆಗೆ ತಂದ ಸ್ಟೀಲ್ ಚಮಚಗಳನ್ನು ಕಚ್ಚಿ, "ಗಟ್ಟಿ ಇಲ್ಲ" ಎಂದು ವಾಪಸ್ ಕಳಿಸಿದರು. ಭಾವನನ್ನು ಮಾತ್ರ ಕಚ್ಚದೇ ಒಪ್ಪಿಕೊಂಡರು. ಆತ ಮಧ್ಯಾಹ್ನದವರೆಗೆ ಮಲಗುವುದನ್ನು ಕಂಡಾಗಲೆಲ್ಲ, "ಅವತ್ತೇ ಸರಿಯಾಗಿ ನೋಡ್ಬೇಕಿತ್ತು" ಎಂದು ಈಗಲೂ ಗೊಣಗುತ್ತಾರೆ.

ಇಂಥವರ ಮನೆಯಲ್ಲಿದ್ದುಕೊಂಡು ನನಗೊಂದು ಕಂಪ್ಯೂಟರ್ ಬೇಕಾಯಿತು. ನನ್ನ ಹಣೆಬರಹ, ಇನ್ನೇನು! ಡಿಗ್ರಿ ಮುಗಿಸಿದ ಮೇಲೆ ಚಿಕ್ಕಮಗಳೂರಿನ ಒಂದು ಪ್ರೆಸ್ಸಿನಲ್ಲಿ ಪುಸ್ತಕದ ಪುಟ ಜೋಡಿಸುವ ಕೆಲಸ ಕಲಿತಿದ್ದೆ. ಪ್ರೆಸ್ಸಿನ ಯಜಮಾನರು ಒಂದು ದಿನ, "ನಿಂದೇ ಒಂದು ಕಂಪ್ಯೂಟರ್ ತಗೊಳಮ್ಮ, ಮನೇಲೇ ಕೂತು ಮಾಡು. ಕಾಫಿ ಕುಯ್ಲು ಮುಗಿಯೋವರೆಗೆ ಕಾಯ್ತೀನಿ. ಆಮೇಲೆ ಕೆಲ್ಸ ಬೇರೆಯವ್ರಿಗೆ ಕೊಡ್ಬೇಕಾಗುತ್ತೆ" ಎಂದರು. ಯಾರೋ ಗೀಚಿ ಕೊಟ್ಟ ಹಾಳೆಗಳು ನನ್ನ ಕೈಯಲ್ಲಿ ಪುಸ್ತಕವಾಗುವುದನ್ನು ನೋಡುವ ರುಚಿ ನನಗೆ ಹತ್ತಿಬಿಟ್ಟಿತ್ತು. ಆ ಕೆಲಸ ಕೈಬಿಟ್ಟು ಹೋದರೆ ಅಮ್ಮನ ಜೊತೆ ಕೂತು ಸೀರಿಯಲ್ ನೋಡುವುದೇ ನನ್ನ ಭವಿಷ್ಯ ಎಂಬುದು ಕಣ್ಣಿಗೆ ಕಟ್ಟಿದಂತಿತ್ತು.

ಮೊದಲ ಸುತ್ತಿನ ಮಾತುಕತೆ ಕಡುಬಿನ ತಟ್ಟೆಯ ಮುಂದೆ ನಡೆಯಿತು.

"ಅಪ್ಪಾ, ನಂಗೊಂದು ಲ್ಯಾಪ್‌ಟಾಪ್ ಬೇಕು."

"ಮೊಬೈಲ್ ಇದ್ಯಲ್ಲ ಮಾರಾಯ್ತಿ."

"ಅದ್ರಲ್ಲಿ ಪುಸ್ತಕ ಮಾಡೋಕಾಗಲ್ಲಪ್ಪ."

"ಎಂತಕ್ಕಾಗಲ್ಲ? ಸಣ್ಣ ಪುಸ್ತಕ ಮಾಡು!"

ಅಮ್ಮನದು ಬೇರೆಯೇ ರಾಗ. "ಅದನ್ನ ನೋಡ್ತಾ ಕೂತ್ರೆ ಕಣ್ಣಲ್ಲಿ ನೀರು ಬರುತ್ತಂತೆ, ಆಮೇಲೆ ಕನ್ನಡಕ ಬರುತ್ತಂತೆ. ಕನ್ನಡಕದ ಹುಡುಗೀನ ಯಾರೇ ಒಪ್ತಾರೆ?" ಎಂದಳು, ಮದುವೆಗೆ ಮೊದಲಿನಿಂದಲೂ ಇರುವ ತನ್ನ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಳ್ಳುತ್ತ.

"ನಿನ್ನನ್ನ ಅಪ್ಪ ಒಪ್ಲಿಲ್ವಾ?"

"ಅದಕ್ಕೇ ಹೇಳ್ತಿರೋದು. ಎಂಥವ್ರು ಸಿಗ್ತಾರೆ ನೋಡು!"

ಅಪ್ಪ ಕೇಳಿಸಿಕೊಳ್ಳದವರಂತೆ ಇನ್ನೊಂದು ಕಡುಬು ಹಾಕಿಸಿಕೊಂಡರು.

ಮಾತಿಗೆ ಬಗ್ಗದವರಿಗೆ ಏನು ಮಾಡಬೇಕು? ಉಪವಾಸ ಕೂರಲು ನನ್ನಿಂದಾಗದು, ಹೊಟ್ಟೆ ಕೇಳುವುದಿಲ್ಲ. ಹಾಗಾಗಿ ಅದಕ್ಕಿಂತ ಘೋರವಾದದ್ದನ್ನು ಹಿಡಿದೆ. ಕಾಫಿ ಬಿಟ್ಟು ಟೀ ಕುಡಿಯತೊಡಗಿದೆ! ಕಾಫಿ ಬೆಳೆಗಾರನ ಮಗಳು ಜಗಲಿಯಲ್ಲಿ ಕೂತು, ಹೋಗಿ ಬರುವವರಿಗೆಲ್ಲ ಕಾಣುವ ಹಾಗೆ, ಸೊರ್ ಸೊರ್ ಎಂದು ಟೀ ಹೀರುವುದೆಂದರೆ ಏನೆಂದುಕೊಂಡಿರಿ? ಪಕ್ಕದ ತೋಟದವರು ಒಂದು ದಿನ, "ಏನ್ರಿ, ನಿಮ್ಮನೇಲಿ ಕಾಫಿಪುಡಿ ಖಾಲಿನಾ?" ಎಂದು ಕೇಳಿಯೇಬಿಟ್ಟರು. ಅಪ್ಪನ ಮುಖ ಕಪ್ಪಿಟ್ಟಿತು.

"ಮಾನ ತೆಗೀಬೇಡ ಮಾರಾಯ್ತಿ. ನಡಿ, ಅಂಗಡಿಗೆ ಹೋಗೋಣ. ಆದ್ರೆ ನಾನು ನೋಡಿ ಒಪ್ಪಬೇಕು" ಎಂದರು. ನಾನು ಗೆದ್ದೆನೆಂದುಕೊಂಡೆ, ಪೆದ್ದಿ!

ಯಾವುದು ಬೇಕೆಂದು ನಾನು ಮೊದಲೇ ಪ್ರೆಸ್ಸಿನವರನ್ನೆಲ್ಲ ವಿಚಾರಿಸಿ ತೀರ್ಮಾನಿಸಿದ್ದೆ. ಚಿಕ್ಕಮಗಳೂರಿನ ಅಂಗಡಿಯಲ್ಲಿ ಅದನ್ನೇ ತೋರಿಸಿ, "ಇದು ಚೆನ್ನಾಗಿದೆ ಅಪ್ಪ, ನಂಗೊತ್ತು" ಎಂದೆ. ನನಗೆ ಗೊತ್ತಿದ್ದರೆ ಏನು ಬಂತು? ನನ್ನ ಹಲ್ಲಿಗೆ ಅಪ್ಪನ ಹಲ್ಲಿನಷ್ಟು ಸರ್ವಿಸ್ ಎಲ್ಲಿದೆ! ಅಪ್ಪ ಅದನ್ನು ಎತ್ತಿ ತೂಗಿ ನೋಡಿದರು.

"ಇದೆಂತದು, ಇಷ್ಟು ಹಗುರ? ಜೊಳ್ಳು ಇದು."

ಅಂಗಡಿಯ ಹುಡುಗಿ ನಗುತ್ತ, "ಹಗುರ ಇದ್ದಷ್ಟೂ ರೇಟ್ ಜಾಸ್ತಿ ಸರ್" ಎಂದಳು.

ಅಪ್ಪ ತಲೆ ಮೇಲೆ ಕೈಯಿಟ್ಟುಕೊಂಡರು. "ನಮ್ಮಲ್ಲಿ ಹಗುರದ ಹಣ್ಣು ನೀರಲ್ಲಿ ತೇಲ್ತದಮ್ಮ, ಅದನ್ನ ಬಾಚಿ ಆಚೆಗೆ ಹಾಕ್ತೀವಿ. ನೀವು ಜೊಳ್ಳಿಗೇ ಜಾಸ್ತಿ ಕೇಳ್ತೀರಲ್ಲ! ಇಲ್ಲಿ ಒಂದು ಬಕೆಟ್ ನೀರು ಸಿಗ್ತದಾ?"

ನಾನು ಆ ಹುಡುಗಿಯ ಕಡೆ ತಿರುಗಿ, ತಮಾಷೆಗೆ ಹೇಳಿದರು ಎಂದು ಸಮಜಾಯಿಷಿ ಕೊಡುತ್ತಿದ್ದೆ. ಬೆನ್ನ ಹಿಂದೆ 'ಕಟ್' ಎಂಬ ಸದ್ದು! ಸದ್ಯ, ಪಾಸಾಯಿತು ಎಂದುಕೊಂಡು ತಿರುಗಿದೆ. ಕಟ್ ಎಂದದ್ದು ಕಂಪ್ಯೂಟರ್ ಅಲ್ಲ. ಅಪ್ಪನ ಮುಂದಿನ ಹಲ್ಲು ಅರ್ಧಕ್ಕೆ ಮುರಿದು ಅವರ ಅಂಗೈಯಲ್ಲಿ ಕೂತಿತ್ತು. ಕಂಪ್ಯೂಟರಿನ ಮೂಲೆಗೆ ಒಂದು ಗೀರೂ ಇರಲಿಲ್ಲ.

"ಚೆನ್ನಾಗಿ ಒಣಗಿದೆ ಅಂತ ಕಾಣುತ್ತೆ" ಎಂದೆ. ಅಷ್ಟು ಸಿಟ್ಟಿತ್ತು ನನಗೆ.

ಹಲ್ಲಿನ ಡಾಕ್ಟರು ಉಳಿದರ್ಧವನ್ನೂ ಕಿತ್ತು, ಪಕ್ಕದ ಹಲ್ಲುಗಳೂ ಅಲ್ಲಾಡುತ್ತಿವೆ, ಇನ್ನು ಮೇಲೆ ಗಟ್ಟಿ ಪದಾರ್ಥ ಕಚ್ಚಿದರೆ ಒಂದೂ ಉಳಿಯುವುದಿಲ್ಲ ಎಂದು ಗದರಿ ಕಳಿಸಿದರು. "ಮನೆಗೆ ಬರೋಕೆ ಮುಂಚೇನೇ ಯಜಮಾನ್ರ ಹಲ್ಲು ತಿಂತಲ್ಲೇ ಆ ಶನಿ!" ಎಂದು ಅಮ್ಮ ಊರಿಗೆಲ್ಲ ಸಾರಿದಳು. ಅಲ್ಲಿಗೆ ಮಾತುಕತೆ ಮುರಿದು ಬಿತ್ತು. ಟೀ ಕುಡಿದು ಕುಡಿದು ನನಗೇ ಪಿತ್ತ ಏರಿತೇ ಹೊರತು ಬೇರೇನೂ ಆಗಲಿಲ್ಲ.

ಕುಯ್ಲು ಮುಗಿಯುತ್ತ ಬಂತು. ಪ್ರೆಸ್ಸಿನಿಂದ ಫೋನು ಬಂದಾಗಲೆಲ್ಲ ಏನೋ ಒಂದು ನೆಪ ಹೇಳುತ್ತಿದ್ದೆ. ಕೊನೆಯ ಪಾರ್ಚ್‌ಮೆಂಟ್ ಕಣದಲ್ಲಿತ್ತು. ಅಪ್ಪ ಅದರ ನಡುವೆ ಓಡಾಡುವುದನ್ನು ಜಗಲಿಯಿಂದ ನೋಡುತ್ತಿದ್ದೆ. ಒಂದು ಬೀಜ ಎತ್ತಿ, ಸುಲಿದು, ಬಾಯಿಯವರೆಗೆ ಒಯ್ದು, ಏನೋ ನೆನಪಾದವರಂತೆ ಅಂಗಿಯ ಜೇಬಿಗೆ ಹಾಕಿಕೊಳ್ಳುವರು. ಮತ್ತೆ ಇನ್ನೊಂದು ಎತ್ತುವರು. ಅದೂ ಜೇಬಿಗೇ.

ಆಕಾಶದಲ್ಲಿ ಮೋಡ ಕಟ್ಟುತ್ತಿತ್ತು. ಆಳುಗಳ ಮೇಸ್ತ್ರಿ ಬಂದು, "ಗೌಡ್ರೇ, ಮೋಡ ಆಗ್ತಾ ಇದೆ. ತುಂಬೋದಾ?" ಎಂದು ಕೇಳಿದ. ಅಪ್ಪ ಮತ್ತೊಂದು ಬೀಜ ಎತ್ತಿ ಜೇಬಿಗೆ ಹಾಕಿಕೊಂಡರು. ಉತ್ತರ ಗೊತ್ತಿಲ್ಲದ ಅಪ್ಪನನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಬಾರೆ ಇಲ್ಲಿ" ಎಂದು ಕರೆದರು. ಹೋದೆ. ಸುಲಿದ ಬೀಜವೊಂದನ್ನು ಅಂಗೈಯಲ್ಲಿಟ್ಟು ಮುಂದೆ ಹಿಡಿದರು.

"ಕಚ್ಚು."

ಮೆಷಿನ್ ತರಿಸಿ, ಅದಕ್ಕೆ ಬೇಕಾದರೆ ನಿಮ್ಮ ಮುರಿದ ಹಲ್ಲು ಕೂರಿಸೋಣ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅವರ ಮುಖ ನೋಡಿ ನುಂಗಿಕೊಂಡೆ. ಬೀಜ ಕಚ್ಚಿದೆ. ಇನ್ನೊಂದು ಕಚ್ಚಿದೆ. ಕಟ್ ಎನ್ನಲಿಲ್ಲ. ಹಲ್ಲು ಇಷ್ಟೇ ಇಷ್ಟು ಊರಿತು.

"ಇನ್ನೊಂದು ಬಿಸಿಲು ಬೇಕಪ್ಪ."

"ಮಳೆ ಬಂದ್ರೆ, ಗೌಡ್ರೇ?" ಎಂದ ಮೇಸ್ತ್ರಿ.

"ಅವಳು ಹೇಳಿದ್ಳಲ್ಲ ಮಾರಾಯ. ಟಾರ್ಪಾಲು ಮುಚ್ಚಿ, ನಾಳೆ ಹರವಿ" ಎಂದು ಅಪ್ಪ ಹೊರಟೇಬಿಟ್ಟರು. ನಾನು ಮೋಡ ನೋಡುತ್ತ ಅಲ್ಲೇ ನಿಂತೆ. ಒಂದು ವೇಳೆ ನನ್ನ ಹಲ್ಲು ಸುಳ್ಳು ಹೇಳಿದ್ದರೆ?

ಮಳೆ ಬರಲಿಲ್ಲ. ಮಾರನೆಯ ದಿನ ಒಳ್ಳೆಯ ಬಿಸಿಲು ಬಿದ್ದು, ಸಂಜೆ ನಾನೇ ಕಚ್ಚಿ 'ಕಟ್' ಎನಿಸಿದ ಮೇಲೆ ಚೀಲ ತುಂಬಿಸಿದರು. ಮರುದಿನ ಹೇಳದೆ ಕೇಳದೆ ಚಿಕ್ಕಮಗಳೂರಿಗೆ ಹೋದ ಅಪ್ಪ, ಮಧ್ಯಾಹ್ನದ ಬಸ್ಸಿನಲ್ಲಿ ಒಂದು ಪೆಟ್ಟಿಗೆಯನ್ನು ಮಗುವಿನಂತೆ ತಬ್ಬಿಕೊಂಡು ಬಂದರು. ಬಿಚ್ಚಿ ನೋಡಿದರೆ ನಾನು ತೋರಿಸಿದ್ದ ಅದೇ ಲ್ಯಾಪ್‌ಟಾಪ್. ಅದೇ ಜೊಳ್ಳು!

"ಅಂಗಡಿಯವ್ರು ನಿಮ್ಮನ್ನ ಒಳಗೆ ಬಿಟ್ರಾ?" ಎಂದು ರೇಗಿಸಿದೆ. "ಸರಿಯಾಗಿ ನೋಡಿ ತಂದಿದ್ದೀರಿ ತಾನೇ?"

"ನಾನೆಂತಕ್ಕೆ ನೋಡ್ಲಿ? ಚೆನ್ನಾಗಿದೆ ಅಂತ ನೀನು ಹೇಳಿದ್ಯಲ್ಲ" ಎಂದರು ಅಪ್ಪ, ಹಲ್ಲಿಲ್ಲದ ಸಂದಿಯಲ್ಲಿ ನಗುತ್ತ. "ಈಗಾದ್ರೂ ಆ ಟೀ ಬಿಟ್ಟು, ಇಬ್ಬರಿಗೂ ಕಾಫಿ ಮಾಡ್ಕೊಂಡು ಬಾ."

ನಾನು ಅಡುಗೆಮನೆಗೆ ಹೋಗಿ ಹಾಲು ಕಾಯಲಿಟ್ಟೆ. ಒಲೆಯ ಪಕ್ಕದಲ್ಲಿದ್ದ ಅಮ್ಮ ಕನ್ನಡಕ ಮೇಲೇರಿಸಿ ನನ್ನ ಮುಖವನ್ನೇ ನೋಡಿದಳು.

"ಕಂಡ್ಯಾ? ಅದು ಮನೆಯೊಳಗೆ ಬರ್ತಿದ್ದ ಹಾಗೇ ಕಣ್ಣಲ್ಲಿ ನೀರು! ನಾನು ಅವತ್ತೇ ಹೇಳ್ಲಿಲ್ವಾ?"