ಟಿವಿಯ ಬೆನ್ನಿಗೆ ಮಂಜೂರಾದ ದೀಪ

ಕೇಂದ್ರ ಉಗ್ರಾಣದ ವೀಕ್ಷಣಾ ಕೊಠಡಿಗೆ ಕಿಟಕಿ ಇಲ್ಲ. ಕಿಟಕಿ ಇದ್ದರೆ ಸಿಬ್ಬಂದಿ ಹೊರಗೆ ನೋಡುತ್ತಾರೆಂಬ ಕಾರಣಕ್ಕೆ ಅದನ್ನು ನಕ್ಷೆಯಲ್ಲೇ ಅಳಿಸಲಾಗಿತ್ತು.

ಆ ಕತ್ತಲಲ್ಲಿ ಒಂದು ದೊಡ್ಡ ಟಿವಿ. ಹನ್ನೆರಡು ಕ್ಯಾಮೆರಾ ಕಂಡದ್ದೆಲ್ಲ ಹನ್ನೆರಡು ಚೌಕಗಳಲ್ಲಿ ಅದರ ಮೇಲೆ ಮೂಡುತ್ತಿತ್ತು. ಒಂಬತ್ತು ವರ್ಷದಿಂದ ಅದರೆದುರು ಕೂತ ಕಾವಲುಗಾರನಿಗೆ ಈಚೆಗೆ ಕಣ್ಣುರಿ, ತಲೆಸಿಡಿತ. ಮನೆಗೆ ಹೋದರೆ ಹೆಂಡತಿಯ ಮುಖವೂ ಚೌಕ ಚೌಕವಾಗಿ ಕಾಣತೊಡಗಿತ್ತು. ಇನ್ನು ಮೂರು ತಿಂಗಳಿಗೆ ಇಲಾಖೆಯ ಕಣ್ಣಿನ ಪರೀಕ್ಷೆ. ಅದರಲ್ಲಿ ಬಿದ್ದರೆ ಕೆಲಸ ಹೋದಂತೆಯೇ.

ಟಿವಿ ರಿಪೇರಿಯವನು ಉಪಾಯ ಹೇಳಿದ. "ಕತ್ತಲೆ ರೂಮು, ನಡುವೆ ಫಳಫಳ ಟಿವಿ. ಕಣ್ಣು ಉರೀದೆ ಇನ್ನೇನಾಗುತ್ತೆ ಅಣ್ಣಾ? ಟಿವಿ ಬೆನ್ನಿಗೆ ಒಂದು ಎಲ್‌ಇಡಿ ಪಟ್ಟಿ ಅಂಟಿಸು. ಹಿಂದಿನ ಗೋಡೆ ಮೇಲೆ ತಿಳಿ ಬೆಳಕು ಬಿದ್ರೆ ಕಣ್ಣಿಗೆ ಹಾಯಾಗುತ್ತೆ. ಎರಡು ಊಟದ ಖರ್ಚು, ಅಷ್ಟೇ."

ಕೈಯಿಂದ ದುಡ್ಡು ಹಾಕಿ ತರೋಣವೆಂದರೆ, ಸ್ವಂತ ಬೆಳಕನ್ನು ಕಚೇರಿಯೊಳಗೆ ತರುವುದು ನಿಯಮಬಾಹಿರ. ಅರ್ಜಿ ಹಾಕಿದ.

ಅಗ್ಗದ ದೀಪ ಆಯ್ಕೆ ಸಮಿತಿ ರಚನೆಯಾಯಿತು. ಬೆಲೆ ಕಡಿಮೆ ಇದ್ದ ಮಾತ್ರಕ್ಕೆ ವಸ್ತು ಅಗ್ಗವಾಗದು, ಮಂಜೂರಾದ ಹಣವನ್ನು ಪೂರ್ತಿ ಮುಗಿಸುವುದೇ ಅಗ್ಗವೆಂದು ಅದು ಮೊದಲ ಸಭೆಯಲ್ಲೇ ತೀರ್ಮಾನಿಸಿತು. ಈ ಕಟ್ಟುನಿಟ್ಟಿಗೆ ಇಡೀ ಪೇಟೆಯಲ್ಲಿ ಒಂದೇ ಪಟ್ಟಿ ತೇರ್ಗಡೆಯಾಯಿತು. ಅದು ಖರೀದಿ ಅಧಿಕಾರಿಯ ಭಾವಮೈದುನನ ಅಂಗಡಿಯಲ್ಲಿ ಸಿಕ್ಕಿದ್ದು ಪಟ್ಟಿಯ ತಪ್ಪಲ್ಲವೆಂದು ಸಮಿತಿ ಷರಾ ಬರೆಯಿತು.

ದೀಪ ಬಂತು, ಅಂಟಿತು, ಉರಿಯಿತು. ಕಾವಲುಗಾರ ಎರಡು ದಿನ ಹಾಯಾಗಿ ಕೂತ. ಮೂರನೇ ದಿನ ದಾಸ್ತಾನು ತಪಾಸಣೆಯ ಅಧಿಕಾರಿ ಬಂದರು. ಖರೀದಿಸಿದ ವಸ್ತು, ಅದರ ಮೇಲಿನ ನಂಬರು, ಎರಡೂ ಬಾಗಿಲಲ್ಲಿ ನಿಂತವರಿಗೆ ಕಾಣಬೇಕೆಂಬುದು ಅವರ ಪದ್ಧತಿ.

"ಎಲ್ರೀ ದೀಪ?"

"ಟಿವಿ ಹಿಂದಿದೆ ಸಾರ್. ಗೋಡೆ ಮೇಲೆ ಬೆಳಕು ಬಿದ್ದಿದೆ ನೋಡಿ."

"ನಾವು ಕೊಂಡಿದ್ದು ಬೆಳಕಲ್ಲ ಕಣ್ರೀ, ದೀಪ. ದೀಪ ತೋರಿಸಿ."

"ಹಾಗಾದ್ರೆ ಕಿತ್ತು ಮುಂದಕ್ಕೆ ಅಂಟಿಸ್ಲಾ ಸಾರ್?"

"ಆದೇಶ ಓದಿದ್ದೀರಾ? 'ಟಿವಿಯ ಹಿಂಬದಿಗೆ' ಅಂತಿದೆ. ದೀಪ ಕದಲೋ ಹಾಗಿಲ್ಲ. ಟಿವಿ ಮುಖ ಯಾವ ಕಡೆ ಇರಬೇಕು ಅಂತ ಮಾತ್ರ ಎಲ್ಲೂ ಬರೆದಿಲ್ಲ."

ಟಿವಿಯನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದರು. ದೀಪವೂ ನಂಬರೂ ಎದ್ದು ಕಂಡವು.

"ಇನ್ನು ನಾನೇನು ನೋಡ್ಲಿ ಸಾರ್?" ಕಾವಲುಗಾರ ತಪಾಸಣೆಗೆ ಜೊತೆಯಾಗಿ ಬಂದಿದ್ದ ಖರೀದಿ ಅಧಿಕಾರಿಯನ್ನು ಕೇಳಿದ.

"ಕಂಡದ್ದನ್ನ ಬರೀರಿ. ಕಾಣದ್ದನ್ನ ಬರೆಯೋಕೆ ನೀವೇನು ಕತೆಗಾರರೇ?"

ಕಾವಲುಗಾರ ಕಣ್ಣಿನ ಪರೀಕ್ಷೆ ನೆನೆದು ವರದಿ ಪುಸ್ತಕ ತೆರೆದ. ಮೊದಲೆಲ್ಲ 'ಹಿಂಬಾಗಿಲಿಗೆ ವ್ಯಾನು ಬಂತು, ಕಂಬಳಿ ಹೋಯಿತು' ಎಂದು ಬರೆದು ಮೇಲಿನವರ ನೆಮ್ಮದಿ ಕೆಡಿಸುತ್ತಿದ್ದ. ಈಗ ದಿನಾ ಒಂದೇ ಸಾಲು: 'ಏನೂ ಕಂಡಿಲ್ಲ.' ತಿಂಗಳ ವರದಿಯಲ್ಲಿ ಕಳ್ಳತನ ಸೊನ್ನೆಗಿಳಿಯಿತು. ಉಳಿದ ಉಗ್ರಾಣಗಳೂ ಟಿವಿ ತಿರುಗಿಸಿ ಇದೇ ಸಾಧನೆ ತೋರಬೇಕೆಂದು ಸುತ್ತೋಲೆ ಹೊರಟಿತು.

ಮೂರನೇ ತಿಂಗಳು ಕಾವಲುಗಾರ ಕಣ್ಣಿನ ಪರೀಕ್ಷೆಯಲ್ಲಿ ಕೊನೆಯ ಸಾಲಿನ ಇರುವೆಯಷ್ಟು ಅಕ್ಷರವನ್ನೂ ಓದಿ ಪಾಸಾದ. ನಾಲ್ಕನೇ ತಿಂಗಳು ಉಗ್ರಾಣದಲ್ಲಿ ಒಂದು ಮೊಳೆಯೂ ಉಳಿಯದ್ದರಿಂದ ಕಳ್ಳತನ ನಿಜವಾಗಿಯೂ ನಿಂತಿತು.

"ಕಣ್ಣು ಉಳೀತು, ಕೆಲಸ ಉಳೀತು, ಇನ್ನೇನು ಬೇಕು ಬಿಡಿ," ಎಂದಳು ಹೆಂಡತಿ. "ಅಷ್ಟಕ್ಕೂ ಅಲ್ಲಿ ನೋಡೋಕೆ ಏನಿದೆ?"

"ಮೊದಲು ಕಂಬಳಿ, ಫ್ಯಾನು ಇದ್ವು," ಎಂದು ಕಾವಲುಗಾರ ಕೆಲಸಕ್ಕೆ ಹೊರಟ.