ಊರಿಗೆಲ್ಲ ಹಂಚಿಹೋದ ಫೋನು

ನಂಬಬೇಡಿ ನೋಡೋಣ! ಈಗ ನಾನು ಹೇಳುವುದು ಸುಳ್ಳೆಂದು ಯಾರಿಗಾದರೂ ಅನ್ನಿಸಿದರೆ ಸಿಂದಗಿಗೆ ಬಂದು, ಬಸ್ ಸ್ಟ್ಯಾಂಡಿನ ಎದುರು ಯಾವ ಚಹಾದಂಗಡಿಯಲ್ಲಾದರೂ ಕೇಳಿ: "ಫೋನ್ ಬಿಚ್ಚಿ ಊರಿಗೆಲ್ಲ ಹಂಚಿದಾಂವ ಎಲ್ಲಿರ್ತಾನ?" ಚಹಾ ಸೋಸುವವನು ಸೋಸುವುದನ್ನು ಬಿಟ್ಟು ನನ್ನ ಅಂಗಡಿಯ ಕಡೆ ಕೈ ತೋರಿಸದಿದ್ದರೆ ಮೀಸೆ ಬೋಳಿಸಿಕೊಳ್ಳುತ್ತೇನೆ. ಮೀಸೆ ಭಾಳ ಚಲೋ ಇದೆ, ಬಂದಾಗ ಅದನ್ನೂ ನೋಡಿಕೊಂಡು ಹೋಗಿ.

ಮೊಬೈಲ್ ರಿಪೇರಿಯವನ ಬಾಳಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಮಜ್ಜಿಗೆಯಲ್ಲಿ ಬಿದ್ದ ಫೋನನ್ನು ಒಬ್ಬರು ಗಡಿಗೆಯ ಸಮೇತ ತಂದು ಟೇಬಲ್ಲಿನ ಮೇಲಿಟ್ಟು, "ಫೋನ್ ಇಟ್ಕೊ, ಮಜ್ಜಿಗಿ ವಾಪಸ್ ಕೊಡು" ಎಂದಿದ್ದರು. ಅದೆಲ್ಲ ಇರಲಿ. ನಾನು ಹೇಳಲು ಹೊರಟಿದ್ದು ನಾನೇ ಕಟ್ಟಿದ ಫೋನಿನ ಸಂಗತಿ, ಮತ್ತು ಆ ಫೋನಿಗೆ ಗಂಟುಬಿದ್ದ ನನ್ನ ಮದುವೆಯ ಸಂಗತಿ.

೧. ಸ್ವಲ್ಪ ಮುಂಚೆ ಹೇಳಿದ ಖರೇ ಮಾತು

ಮುದ್ದೇಬಿಹಾಳಕ್ಕೆ ಹೆಣ್ಣು ನೋಡಲು ಹೋಗಿದ್ದೆವು, ನಾನು ಮತ್ತು ನನ್ನ ಅವ್ವ. ಹುಡುಗಿ ದವಾಖಾನೆಯಲ್ಲಿ ನರ್ಸು. ಅವಳ ಅಪ್ಪ ಜೀವಮಾನವೆಲ್ಲ ಬಸ್ಸು ಓಡಿಸಿ ನಿವೃತ್ತರಾದವರು. ಪಡಸಾಲೆಯ ಕುರ್ಚಿಯಲ್ಲಿ ಕೂತರೂ ಎಡಗಾಲು ಕ್ಲಚ್ಚಿನ ಮೇಲೆ ಇಟ್ಟಂತೆಯೇ ಇಟ್ಟುಕೊಳ್ಳುತ್ತಾರೆ.

"ತಮ್ಮಾ, ಉದ್ಯೋಗ ಏನು?" ಎಂದು ಕೇಳಿದರು.

"ಸಿಂದಗ್ಯಾಗ ಮೊಬೈಲ್ ರಿಪೇರಿ ಅಂಗಡಿ ಐತ್ರಿ. ತಾಲೂಕಿನಾಗ ನನ್ನಂಥಾ ಕೈ ಇನ್ನೊಂದಿಲ್ರಿ."

"ಅಂದ್ರ ಮಂದಿ ಮಾಡಿದ್ದನ್ನ ನೀ ರಿಪೇರಿ ಮಾಡ್ತಿ. ನಿಂದು ಅಂತ ಏನ್ ಮಾಡೀಪಾ?"

ಬಾಗಿಲ ಮರೆಯಲ್ಲಿ ಹುಡುಗಿ ನಿಂತು ಕೇಳುತ್ತಿದ್ದಳು. ಅವಳು ಚಹಾದ ಕಪ್ಪು ಕೊಡುವಾಗ ನನ್ನ ಮುಖ ನೋಡಿ ನಗು ತಡೆದುಕೊಂಡಿದ್ದಳು. ನನ್ನ ಕಡೆಯಿಂದ ಮದುವೆ ಆಗಲೇ ನಿಶ್ಚಯವಾಗಿಬಿಟ್ಟಿತ್ತು. ಬಾಕಿ ಇದ್ದದ್ದು ಅವರ ಕಡೆಯದು. ಸುಮ್ಮನೆ ಕೂಡುವುದು ನನ್ನ ಜಾಯಮಾನವಲ್ಲ.

"ಫೋನ್ ತಯಾರ್ ಮಾಡಾಕತ್ತೇನ್ರಿ," ಎಂದೆ. "ಬಿಡಿಬಿಡಿ ಫೋನು. ಕ್ಯಾಮೆರಾ ಕೆಟ್ರ ಕ್ಯಾಮೆರಾ ಅಷ್ಟಽ ತಗದು ಬ್ಯಾರೇದು ಹಾಕೂದು. ಬ್ಯಾಟರಿ ಕೆಟ್ರ ಬ್ಯಾಟರಿ ಅಷ್ಟಽ. ಇಡೀ ಫೋನ್ ಒಗಿಯೂ ಮಾತಽ ಇಲ್ರಿ."

ಇದು ಸುಳ್ಳಲ್ಲ, ಸ್ವಲ್ಪ ಮುಂಚೆ ಹೇಳಿದ ಖರೇ ಮಾತು. ಅಂಥ ಫೋನಿನ ವಿಡಿಯೋ ಹಿಂದಿನ ದಿನವಷ್ಟೇ ನೋಡಿದ್ದೆ. ಹೊರದೇಶದ ದೊಡ್ಡ ದೊಡ್ಡ ಕಂಪನಿಗಳು ಮಾಡಲು ಹೋಗಿ ಅರ್ಧಕ್ಕೇ ಕೈಬಿಟ್ಟವಂತೆ. ಬಿಡದೆ ಏನು ಮಾಡ್ಯಾವು? ಅಲ್ಲಿ ನಮ್ಮೂರು ತಾಂಬಾದವರು ಒಬ್ಬರೂ ಇರಲಿಲ್ಲ.

ಮುದುಕರು ಕ್ಲಚ್ಚಿನಿಂದ ಕಾಲು ತೆಗೆದರು. "ಮಾಡಿ ತೊಗೊಂಡ್ ಬಾ. ಕಣ್ಣಾರೆ ನೋಡ್ತೇನಿ. ಆಮ್ಯಾಲ ಮಗಳ ಮಾತು."

ಬಸ್ಸು ಹತ್ತಿದ ಮೇಲೆ ಅವ್ವ ಮೆಲ್ಲಗೆ ಕೇಳಿದಳು: "ಆ ಫೋನ್ ಯಾವಾಗ ಮಾಡಿದ್ಯೋ?"

"ನಾಳಿಂದ ಸುರು ಮಾಡ್ತೇನಿ ಬೇ."

೨. ಬರಿಹಣೆ ಕಳಿಸಬಾರದು

ಮಾಡಿದೆ! ಇಂಡಿ ಪಟ್ಟಣದ ಗುಜರಿ ಅಂಗಡಿಯಿಂದ ಒಂದೇ ಮಾದರಿಯ ಹಳೆಯ ಫೋನುಗಳ ರಾಶಿ ತಂದೆ. ಅವುಗಳ ಹೊಟ್ಟೆ ಬಗೆದು ಬ್ಯಾಟರಿ, ಕ್ಯಾಮೆರಾ, ಸ್ಪೀಕರು, ಪರದೆ ಎಲ್ಲ ಬೇರೆ ಮಾಡಿದೆ. ಊರಿನ ಬಡಿಗೇರ ಸಾಗವಾನಿಯಲ್ಲಿ ಚೌಕಟ್ಟು ಮಾಡಿಕೊಟ್ಟ. ಬೆಂಕಿಪೆಟ್ಟಿಗೆಯ ಹಾಗೆ ಒಂದೊಂದು ಸಾಮಾನೂ ಒಂದೊಂದು ಖಾನೆಯಲ್ಲಿ ಸರಿದು ಕೂಡುತ್ತಿತ್ತು. ಯಾರ ಫೋನಿನ ಸಾಮಾನಾದರೂ ಯಾರ ಫೋನಿಗಾದರೂ ಹೊಂದುತ್ತಿತ್ತು. ದಪ್ಪ ಮಾತ್ರ ಸ್ವಲ್ಪ ಜಾಸ್ತಿ. ಕಿಸೆಯಲ್ಲಿಟ್ಟರೆ ಪ್ಯಾಂಟು ಆ ಕಡೆಗೆ ಇಳಿಯುತ್ತಿತ್ತು.

ಪರೀಕ್ಷೆಗೆಂದು ತಾಂಬಾದಲ್ಲಿ ನಮ್ಮ ಓಣಿಯ ಮನೆಗಳಿಗೆ ಒಂದೊಂದು ಕೊಟ್ಟೆ. ಸಾಮಾನು ಕೆಟ್ಟರೆ ಅಂಗಡಿಗೆ ಬಂದು ಬದಲಿಸಿಕೊಳ್ಳುತ್ತಾರೆ ಎಂಬುದು ನನ್ನ ಲೆಕ್ಕ. ಯಾರು ಬರುತ್ತಾರೆ? ಬಾಜೂ ಮನೆ ಇರುವಾಗ ಸಿಂದಗಿ ಯಾಕೆ? ಹೆಣ್ಣುಮಕ್ಕಳು ಮೊಸರಿನ ಹೆಪ್ಪು ಕಡ ತಂದಂತೆ ಬ್ಯಾಟರಿ ಕಡ ತರಲು ಸುರು ಮಾಡಿದರು. ದೀಪ ಹಚ್ಚಿದ ಮೇಲೆ ಉಪ್ಪು, ಸೂಜಿ, ಹೆಪ್ಪು ಯಾರೂ ಕೊಡುವುದಿಲ್ಲವಷ್ಟೆ? ಬ್ಯಾಟರಿಯೂ ಆ ಸಾಲಿಗೆ ಸೇರಿತು.

ಒಂದು ಶನಿವಾರ ಓಣಿಯ ಫೋನೊಂದು ಸತ್ತೇ ಹೋಯಿತು. ಬಿಚ್ಚಿ ನೋಡಿದರೆ ಬ್ಯಾಟರಿಯ ತುಂಬ ಅರಿಶಿಣ ಕುಂಕುಮ. ವಿದ್ಯುತ್ತು ಹರಿಯಬೇಕಾದ ತಗಡಿನ ಮೇಲೇ ಬೆರಳಗಲ ಬೊಟ್ಟು. ಅದು ಹಿಂದಿನ ದಿನ ನಮ್ಮ ದೊಡ್ಡವ್ವ ಕಡ ಕೊಟ್ಟ ಬ್ಯಾಟರಿ. ಹೋಗಿ ಕೇಳಿದೆ.

"ದೊಡ್ಡವ್ವಾ, ಬ್ಯಾಟರಿಗೆ ಕುಂಕುಮ ಯಾಕ ಹಚ್ಚಿದಿ?"

ದೊಡ್ಡವ್ವ ನನ್ನನ್ನು ಬುದ್ಧಿ ಇಲ್ಲದವನನ್ನು ನೋಡುವಂತೆ ನೋಡಿದಳು. "ಶುಕ್ರವಾರ ದಿನ ಮನಿ ಹೊಸ್ತಿಲಾ ದಾಟಾಕತ್ತಿತ್ತೋ. ಬರಿಹಣಿ ಕಳಸಾಕ ನಾ ಏನ್ ತಿಳೀಲಾರದಾಕಿ ಅಂತ ಮಾಡೀಯೇನು?"

೩. ಬಾವಿಯ ಪಾಳಿ

ನಮ್ಮ ಓಣಿಯ ತುದಿಯಲ್ಲಿ ಅಣ್ಣತಮ್ಮರಿಬ್ಬರು ಪಾಲಾದರು. ಹೊಲ ಹಂಚಿದರು, ಎತ್ತು ಹಂಚಿದರು, ಹಗೇವಿನ ಜೋಳ ಹಂಚಿದರು. ಉಳಿದದ್ದು ನಾನು ಕೊಟ್ಟ ಫೋನು. ಬೇರೆ ಊರಿನವರಾದರೆ ಒಬ್ಬನಿಗೆ ಬಿಟ್ಟುಕೊಡುತ್ತಿದ್ದರು. ಇದು ತಾಂಬಾ.

"ಬಿಚ್ಚಾಕ ಬರ್ತೈತಿಲ್ಲೋ?" ಎಂದು ಹಿರಿಯರು ನನ್ನನ್ನು ಕೇಳಿದರು. "ಬರ್ತೈತ್ರಿ," ಎಂದೆ, ಎದೆಯುಬ್ಬಿಸಿಕೊಂಡು. ಅಲ್ಲೇ ತೀರ್ಪಾಯಿತು: ಪರದೆ, ಚೌಕಟ್ಟು ಅಣ್ಣನಿಗೆ, ಬ್ಯಾಟರಿ, ಸ್ಪೀಕರು ತಮ್ಮನಿಗೆ. ಕ್ಯಾಮೆರಾ ಮಾತ್ರ ಹೊಲದ ಬಾವಿಯ ಹಾಗೆ ಇಬ್ಬರಿಗೂ ಕೂಡಿ, ಪಾಳಿಯ ಮೇಲೆ.

ಇಬ್ಬರಿಗೂ ಮಾತು ಬಿಟ್ಟಿತ್ತು. ಆದರೆ ಯಾರಿಗೆ ಫೋನು ಹಚ್ಚಬೇಕಾದರೂ ಇಬ್ಬರೂ ಬಂದು ಒಂದೇ ಕಟ್ಟೆಯ ಮೇಲೆ ಕೂಡಬೇಕು. ಒಂದು ದಿನ ಅಣ್ಣ ಇಂಡಿಯ ವಕೀಲರಿಗೆ ಫೋನು ಹಚ್ಚಿ ತಮ್ಮನ ಮೇಲೆ ದೂರು ಹೇಳತೊಡಗಿದ. ತಮ್ಮ ಪಕ್ಕದಲ್ಲೇ ಕೂತು ಬೀಡಿ ಸೇದುತ್ತ ಎಲ್ಲ ಕೇಳಿದ. ದೂರು ಉದ್ದವಾಯಿತು. ಕೊನೆಗೆ ತಡೆಯಲಾರದೆ ಬಾಯಿಬಿಟ್ಟ:

"ಬೈಯೂದಿದ್ರ ಲಗೂ ಬೈದು ಮುಗಸೋ ಅಣ್ಣಾ. ನನ್ನ ಬ್ಯಾಟರಿ ಇಳ್ಯಾಕತ್ತೈತಿ."

ಅಣ್ಣ ವಕೀಲರಿಗೆ, "ಸ್ವಲ್ಪ ತಡೀರಿ ಸಾಹೇಬ್ರ, ಇಂವ ಮಾತಾಡ್ದ!" ಎಂದು ಫೋನು ಇಟ್ಟುಬಿಟ್ಟ.

೪. ಹೌದ್ರಿ, ಹೌದ್ರಿ

ಊರಿನ ಭಜನಿ ಮಾಸ್ತರರಿಗೆ ನನ್ನ ಫೋನಿನ ಸ್ಪೀಕರಿನ ಮೇಲೆ ಕಣ್ಣು. ಶ್ರುತಿ ಹಚ್ಚಿಕೊಂಡು ಹಾಡಲು ಅದರಷ್ಟು ಚಲೋ ಬೇರೊಂದಿಲ್ಲ ಎನ್ನುತ್ತಿದ್ದರು. ಹೊಗಳಿದವರಿಗೆ ಇಲ್ಲ ಎನ್ನಲು ನನಗೆ ಬರುವುದಿಲ್ಲ. ಬದಲಿಗೆ ತಮ್ಮ ಫೋನಿನ ಸ್ಪೀಕರು ನನಗೆ ಕೊಡುವುದನ್ನು ಮರೆತು ಮಾಸ್ತರರು ನನ್ನದನ್ನು ಒಯ್ದರು.

ಅದೇ ದಿನ ನಾನು ಇಂಡಿ ಬಸ್ ಸ್ಟ್ಯಾಂಡಿನಲ್ಲಿದ್ದಾಗ ಹುಡುಗಿಯ ಫೋನು ಬಂತು. ಅವಳದು ಅದೇ ಮೊದಲನೆಯ ಫೋನು! ಎತ್ತಿದೆ. ನನ್ನ ಮಾತು ಅವಳಿಗೆ ಕೇಳುತ್ತದೆ, ಅವಳದು ನನಗೆ ಪಿಟ್ಟೆನ್ನುವುದಿಲ್ಲ. ಸ್ಪೀಕರಿನ ಖಾನೆ ಖಾಲಿ. ನಾನು ಕಟ್ಟಿದ ಫೋನಿನಲ್ಲಿ ನನಗೇ ಕೇಳುತ್ತಿಲ್ಲ ಎಂದು ಹೇಳಿದರೆ ಮದುವೆ ಅಲ್ಲಿಗೇ ಮುಗಿಯುತ್ತದೆ. ಪರದೆಯ ಮೇಲೆ ಹೊತ್ತು ಓಡುತ್ತಿತ್ತು. ನಡುನಡುವೆ ಉಸಿರು ಬಿಟ್ಟು "ಹೌದ್ರಿ" ಎನ್ನುತ್ತ ಹೋದೆ. ಕೊನೆಗೆ ಅವಳೇ ಇಟ್ಟಳು.

ಮರುದಿನ ಹುಡುಗಿ ನನ್ನ ಅವ್ವನಿಗೆ ಫೋನು ಮಾಡಿದ್ದಳು. ನಾನು ಮನೆಗೆ ಬರುವಷ್ಟರಲ್ಲಿ ಅವ್ವನ ಮುಖದಲ್ಲಿ ಎಂದೂ ನೋಡದ ನಗು.

"ಭಾಳ ಚಲೋ ಹುಡುಗಿ," ಎಂದಳು. "ಮದುವಿ ಆದ ಮ್ಯಾಲೂ ನೌಕರಿ ಬಿಡೂದಿಲ್ಲ, ನಡೀತೈತೇನ್ರಿ ಅಂತ ಕೇಳಿದ್ಳಂತ. ನೀ ಹೌದ್ರಿ ಅಂದಿ."

"ಅಂದೆ. ಅದರಾಗ ಏನೈತಿ?"

"ಬಡಾಯಿ ಭಾಳ ಕೊಚ್ಚತೀರಿ ಅಂತ ನಮ್ಮಪ್ಪ ಅಂತಾರ, ಖರೇ ಏನ್ರಿ ಅಂತ ಕೇಳಿದ್ಳಂತ. ಅದಕ್ಕೂ ಹೌದ್ರಿ ಅಂದಿ. ಇಷ್ಟು ಖರೇ ಮಾತಾಡೂ ಗಂಡಸನ್ನ ಅಕಿ ನೋಡಿಲ್ಲಂತ."

ನಾನು ಮೀಸೆ ತಿರುವಿದೆ.

"ದವಾಖಾನಿಯಾಗ ನನ್ನ ಪಾಳಿ ಇದ್ದಾಗ ರೊಟ್ಟಿ ನೀವಽ ಬಡೀತೀರೇನ್ರಿ ಅಂತನೂ ಕೇಳಿದ್ಳಂತ," ಎಂದು ಅವ್ವ ಜೋಳದ ಹಿಟ್ಟಿನ ಪರಾತವನ್ನು ನನ್ನ ಮುಂದೆ ಸರಿಸಿದಳು. "ಹೂಂ. ಸುರು ಮಾಡು."

೫. ಇದರಾಗ ನಿಂದೇನೈತಿ?

ಕೊನೆಗೂ ಫೋನು ತೋರಿಸುವ ದಿನ ಬಂತು. ಹುಡುಗಿಯ ಮನಸ್ಸು ಅರ್ಧ ನನ್ನ ಕಡೆ ಇತ್ತು. ಅಪ್ಪನನ್ನು ಗೆದ್ದರೆ ಮುಗಿಯಿತು. ಇರುವುದರಲ್ಲೇ ಚಲೋ ಸಾಮಾನು ಕೂಡಿಸಬೇಕೆಂದು ಓಣಿಯನ್ನೆಲ್ಲ ತಿರುಗಿದೆ. ದೊಡ್ಡವ್ವನ ಬ್ಯಾಟರಿ ಗಟ್ಟಿ, ಅದನ್ನು ಇಸಿದುಕೊಂಡೆ. ಅಣ್ಣತಮ್ಮರ ಕ್ಯಾಮೆರಾ ಜಗಳದಲ್ಲಿ ಬಳಕೆಯೇ ಆಗದೆ ಹೊಸದರಂತಿತ್ತು, ಅದನ್ನೂ ತಂದೆ. ಸ್ಪೀಕರನ್ನು ಭಜನಿ ಮಾಸ್ತರರು ಆಗಲೇ ತಮ್ಮದೆಂದು ತಿಳಿದುಬಿಟ್ಟಿದ್ದರು. ಕೈಮುಗಿದು ಎರವಲು ಪಡೆದೆ. ನನ್ನ ಪರದೆ ಸೀಳಿತ್ತು, ಅವ್ವನ ಫೋನಿನದನ್ನು ತೆಗೆದು ಹಾಕಿಕೊಂಡೆ.

ನಮ್ಮಲ್ಲಿ ಎತ್ತು ಎರವಲು ಕೊಟ್ಟರೆ ಎತ್ತಿನ ಒಡೆಯನೂ ಬೆನ್ನಿಗೆ ಹೊಲಕ್ಕೆ ಬರುತ್ತಾನೆ, ಬಾರುಕೋಲಿನಿಂದ ಹೊಡೆದಾರು ಎಂಬ ಚಿಂತೆ. ಬೆಳಿಗ್ಗೆ ಎದ್ದು ನೋಡಿದರೆ ಸಾಮಾನಿನ ಒಡೆಯರೆಲ್ಲ ಮಡಿ ಅರಿವೆ ಉಟ್ಟು ಕ್ರೂಸರ್ ಗಾಡಿಯಲ್ಲಿ ಕೂತಿದ್ದರು. ಬಸವನ ಬಾಗೇವಾಡಿಯಲ್ಲಿ ಮಿರ್ಚಿ ತಿನ್ನಲು ಇಳಿದಾಗ ದೊಡ್ಡವ್ವ ನನ್ನ ಕಿಸೆ ಮುಟ್ಟಿ ನೋಡಿ, "ಬಿಸಿ ಆಗೈತಿ, ನೆರಳಿನಾಗ ಹಿಡಕೊ" ಎಂದಳು.

ಮುದ್ದೇಬಿಹಾಳದ ಪಡಸಾಲೆಯಲ್ಲಿ ಮುದುಕರು ಕನ್ನಡಕ ಹಾಕಿಕೊಂಡು ಫೋನನ್ನು ತಿರುಗಿಸಿ ನೋಡಿದರು. "ಹಾರ್ನ್ ಹೊಡಿ," ಎಂದರು. ಹೊಡೆದೆ. ಓಣಿಯ ನಾಯಿಗಳೆಲ್ಲ ಬೊಗಳಿದವು.

"ಭಾರೀ ಐತಲ್ಲೋ!"

"ಸ್ಪೀಕರ್ ನಂದ್ರಿ," ಎಂದರು ಭಜನಿ ಮಾಸ್ತರರು, ತಡೆಯಲಾರದೆ.

"ಹೌದಾ? ಮತ್ತ ಬ್ಯಾಟರಿ?"

"ನಂದ್ರೀ," ಎಂದಳು ದೊಡ್ಡವ್ವ.

"ಕ್ಯಾಮೆರಾ?"

"ನಂದ್ರಿ," ಎಂದು ಅಣ್ಣತಮ್ಮರಿಬ್ಬರೂ ಒಂದೇ ಸಲ ಅಂದರು. ಅಂದವರು ಒಬ್ಬರ ಮುಖ ಒಬ್ಬರು ನೋಡಿದರು. "ಈ ವಾರ ಪಾಳಿ ನಂದು." "ನಿಂದು ಹ್ವಾದ ವಾರ ಮುಗೀತು." ಮಾತಿಗೆ ಮಾತು ಬೆಳೆದು, ತಮ್ಮ ಕ್ಯಾಮೆರಾ ಎಳೆದುಕೊಂಡು ಅಂಗಳಕ್ಕೆ ಹೋದ, ಅಣ್ಣ ಬೆನ್ನು ಹತ್ತಿದ. ಭಜನಿ ಮಾಸ್ತರರು ಗಡಿಯಾರ ನೋಡಿ ಎದ್ದರು: "ಇಂಗಳೇಶ್ವರದಾಗ ಭಜನಿ ಐತ್ರಿ, ಮಂದಿ ಕಾಯಾಕತ್ತಾರ." ಸ್ಪೀಕರು ಅವರ ಜೋಳಿಗೆ ಸೇರಿತು. ದೊಡ್ಡವ್ವ ಸೆರಗು ಸರಿಮಾಡಿಕೊಂಡು ಬಂದಳು. "ಸೊಲ್ಲಾಪುರದಿಂದ ಮಗಳು ಫೋನ್ ಹಚ್ಚೂ ಹೊತ್ತಾತೋ ತಮ್ಮಾ." ಬ್ಯಾಟರಿ ಹೋಯಿತು. ಫೋನು ಕಪ್ಪಾಯಿತು. ನಾನು ಕೊನೆಯ ಆಸೆಯಿಂದ ಅವ್ವನ ಕಡೆ ನೋಡಿದೆ.

"ಬೆಳಕಽ ಬರೂದಿಲ್ಲ, ಇನ್ನ ಅದನ್ನ ಇಟ್ಟೇನ್ ಮಾಡ್ತಿ?" ಎಂದು ಅವ್ವ ತನ್ನ ಪರದೆ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಳು.

ಮುದುಕರು ಚೌಕಟ್ಟನ್ನು ಕಣ್ಣಿಗೆ ಹಿಡಿದು, ಖಾಲಿ ಖಾನೆಯ ತೂತಿನಿಂದ ನನ್ನನ್ನು ನೋಡಿದರು. "ಇದರಾಗ ನಿಂದೇನೈತೋ ತಮ್ಮಾ?"

"ಚೌಕಟ್ಟು ನಂದ್ರಿ," ಎಂದೆ.

"ಅದು ಬಡಿಗೇರಂದು!" ಎಂದಳು ದೊಡ್ಡವ್ವ.

"ಒಳಗಿನ ಬೋರ್ಡ್ ನಂದ್ರಿ. ಅದಽ ಮುಖ್ಯ. ಗಾಡಿಗೆ ಇಂಜಿನ್ ಇದ್ದಂಗ."

"ಹೌದಾ? ಬರೇ ಇಂಜಿನ್ ಹತ್ತಿ ಇಲ್ಲಿಂದ ತಾಳಿಕೋಟಿ ಮುಟ್ಟು ನೋಡೂಣು."

ಮೀಸೆ ತಿರುವಲು ಎತ್ತಿದ ಕೈಯನ್ನು ಹಾಗೇ ಇಳಿಸಿದೆ. ಒಳಮನೆಯಿಂದ ಹುಡುಗಿಯ ನಗು ಕೇಳಿಸಿತು. ತಡೆದುಕೊಂಡ ನಗುವಲ್ಲ, ಗೋಡೆ ಹಿಡಿದುಕೊಂಡು ನಗುವ ನಗು. ಅದು ಅವಳ ಅಪ್ಪನಿಗೂ ಹತ್ತಿತು, ದೊಡ್ಡವ್ವನಿಗೂ ಹತ್ತಿತು. ಅಂಗಳದಲ್ಲಿ ಜಗಳ ಮರೆತು ಅಣ್ಣತಮ್ಮರು ಬಾಗಿಲಿಗೆ ಬಂದು, ಯಾಕೆ ಎಂದು ತಿಳಿಯದೆ ತಾವೂ ನಕ್ಕರು.

ಮುದುಕರು ಕಣ್ಣೊರೆಸಿಕೊಂಡರು. "ಡಿಪೋದಾಗ ನಟ್ಟು ಬಿಚ್ಚೂ ಒಂದು ಪಾನಾ ಎರವಲಾ ಕೇಳಿದ್ರ ಮಂದಿ ಮಾರಿ ತಿರುವ್ತಿದ್ರು. ನಿನಗ ಊರಽ ಚಾಲೂ ಫೋನ್ ಬಿಚ್ಚಿ ಕೊಟ್ಟೈತಿ. ಕೊಟ್ಟು, ನೋಡಾಕ ಗಾಡಿ ಮಾಡ್ಕೊಂಡ್ ಬಂದೈತಿ!" ಎಂದವರು ಒಳಗೆ ಕೂಗಿದರು: "ಏನಂತೀ ಮಗಳಽ?"

ಹುಡುಗಿ ಬಾಗಿಲಿಗೆ ಬಂದಳು. "ನನಗ ಒಪ್ಪಿಗಿ ಐತಿ. ಒಂದಽ ಮಾತು: ನನ್ನ ಫೋನಿಗೆ ಇವ್ರು ಸ್ಕ್ರೂಡ್ರೈವರ್ ಹಚ್ಚಬಾರ್ದು."

ಹಾಗೆ ಹುಡುಗಿಯನ್ನು ಕೊಟ್ಟರು. ನಿಶ್ಚಯದ ದಿನ ಮಾವ ತಾಟಿನಲ್ಲಿ ಎಲೆ ಅಡಿಕೆಯ ಮೇಲಿಟ್ಟು ಒಂದು ಹೊಸ ಫೋನನ್ನೂ ಕೊಟ್ಟರು. ಹಿಂದಿನ ಮುಚ್ಚಳ ಕಂಪನಿಯವರೇ ಅಂಟಿಸಿ ಕಳಿಸಿದ್ದಾರೆ. ಬಿಚ್ಚಲು ಬರುವುದಿಲ್ಲ.