ನಾಲ್ಕು ವೋಲ್ಟಿನ ನೆಪ

ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿ ಹಾಕಿಕೊಂಡ ಕಥೆ ಇದು. (ನನ್ನ ಕಾಲುಗಳು ಹದಿನೈದು ವರ್ಷದಿಂದ ಮುಷ್ಕರ ಹೂಡಿವೆ, ಕಲ್ಲು ಬಿದ್ದರೂ ಅವಕ್ಕೆ ತಿಳಿಯುವುದಿಲ್ಲ ಎಂಬುದು ಬೇರೆ ಮಾತು. ಈ ಕಲ್ಲು ಬಿದ್ದದ್ದು ನನ್ನ ಶನಿವಾರಗಳ ಮೇಲೆ.)

ನನಗೊಂದು ಕರೆಂಟಿನ ಗಾಲಿಕುರ್ಚಿ ಇದೆ. ಹೊಟ್ಟೆಯೊಳಗೆ ಎರಡು ಬ್ಯಾಟರಿ, ಎರಡು ಚಕ್ರಕ್ಕೆ ಎರಡು ಮೋಟಾರು, ಬಲಗೈ ಬಳಿ ಹೆಬ್ಬೆರಳಿನಷ್ಟು ಒಂದು ಕೋಲು. ಕೋಲನ್ನು ಮುಂದಕ್ಕೆ ತಳ್ಳಿದರೆ ಮುಂದೆ, ಹಿಂದಕ್ಕೆ ಎಳೆದರೆ ಹಿಂದೆ. ಪಕ್ಕದಲ್ಲಿ ಐದು ಹಸಿರು ದೀಪ, ಒಂದು ಕೆಂಪು ದೀಪ. ಸಮನೆಲದಲ್ಲಿ ಈ ಕುರ್ಚಿ ಮಹಾರಾಜನ ಗತ್ತಿನಲ್ಲಿ ಓಡಾಡುತ್ತಿತ್ತು. ಏರು ಕಂಡರೆ ಮಾತ್ರ ಹಸಿರು ದೀಪಗಳು ಒಂದೊಂದಾಗಿ ಕಣ್ಣು ಮುಚ್ಚಿ, ಕೊನೆಗೆ ಕೆಂಪು ದೀಪ ಮಿಟುಕಿಸಿ ನಿಂತುಬಿಡುತ್ತಿತ್ತು. ನಾಲ್ಕು ವರ್ಷದಿಂದ ಇದೇ ಪಾಡು.

ಹಾಗಾದರೆ ರಿಪೇರಿ ಮಾಡಿಸಬಾರದಿತ್ತೇ ಎಂದು ನೀವು ಕೇಳುತ್ತೀರಿ. ನನ್ನ ಹೆಂಡತಿಯ ಉದ್ಯೋಗ ಏನೆಂದು ಗೊತ್ತಾದರೆ ಇನ್ನೂ ಜೋರಾಗಿ ಕೇಳುತ್ತೀರಿ. ನನ್ನವಳದು ಮೋಟಾರು ರಿವೈಂಡಿಂಗ್ ಅಂಗಡಿ. ಮನೆಯ ಮುಂಭಾಗದಲ್ಲೇ ಇದೆ. ಸುಟ್ಟುಹೋದ ಪಂಪು, ನರಳುವ ಫ್ಯಾನು, ಬಾಯಿ ಕಟ್ಟಿದ ಮಿಕ್ಸಿ ಎಲ್ಲವೂ ಅವಳ ಮುಂದೆ ಬಂದು ಮಲಗುತ್ತವೆ, ಎದ್ದು ಹೋಗುತ್ತವೆ. ಬೀದಿಯವರಿಗೆಲ್ಲ ಅವಳು ‘ವೈಂಡಿಂಗ್ ಅಕ್ಕ’. ನಾನು ಪುಸ್ತಕಗಳ ಕರಡು ತಿದ್ದುವವನು. ಬೇರೆಯವರ ವಾಕ್ಯಗಳಲ್ಲಿ ಅಲ್ಪವಿರಾಮ ಹಾಕುವ ನನಗೆ ನನ್ನವಳ ಮಾತಿನ ನಡುವೆ ಒಂದನ್ನೂ ಹಾಕಲು ಇಂದಿನವರೆಗೆ ಜಾಗ ಸಿಕ್ಕಿಲ್ಲ.

ರಿಪೇರಿ ಮಾಡಿಸದಿರಲು ಕಾರಣ ನನ್ನವಳ ಅಕ್ಕ. ಅವರ ಮನೆ ನಮ್ಮ ಬೀದಿ ಮುಗಿದ ಮೇಲೆ ಬರುವ ದಿಬ್ಬದ ತುದಿಯಲ್ಲಿದೆ. ಮನಸ್ಸು ಬಂಗಾರ. ಆದರೆ ಪ್ರವಾಸದ ಹುಚ್ಚು, ಅದರ ಜೊತೆಗೆ ಫೋಟೋದ ಹುಚ್ಚು. ಪ್ರತಿ ಶನಿವಾರ ಸಂಜೆ ನೆಂಟರಿಷ್ಟರನ್ನು ಕೂರಿಸಿಕೊಂಡು ಗೋಡೆಯಗಲದ ಟೀವಿಯಲ್ಲಿ ಒಂದೊಂದೇ ಫೋಟೋ ತೋರಿಸುತ್ತಾರೆ. “ಇದು ಬಸ್ಸಿನ ಕಿಟಕಿಯಿಂದ ತೆಗೆದ ಬೆಟ್ಟ. ಇದು ಅದೇ ಬೆಟ್ಟ, ಬಸ್ಸು ಸ್ವಲ್ಪ ಮುಂದೆ ಹೋದ್ಮೇಲೆ. ಇದು ನನ್ನ ಹೆಬ್ಬೆರಳು.” ಕುರ್ಚಿ ಹೊಸದಿದ್ದಾಗ ಒಂದು ಶನಿವಾರ ಹೋಗಿ ನಾನೂರ ಹನ್ನೆರಡು ಫೋಟೋ ನೋಡಿ ಬಂದಿದ್ದೆ. ಆಮೇಲೆ ಕುರ್ಚಿ ಏರು ಹತ್ತುವುದನ್ನು ನಿಲ್ಲಿಸಿತು. ನಾನು ಅದನ್ನು ಪ್ರೀತಿಯಿಂದ ತಟ್ಟಿ ಸುಮ್ಮನಾದೆ.

ನನ್ನವಳ ಸ್ಥಿತಿ ನೋಡಿ ಮಾತ್ರ ಕರುಳು ಚುರ್ ಎನ್ನುತ್ತಿತ್ತು. ಪ್ರತಿ ಶನಿವಾರ ಅಕ್ಕನಿಗೆ ಫೋನು ಮಾಡಿ, “ಏನ್ಮಾಡ್ಲಿ ಅಕ್ಕಾ, ಇವರ ಕುರ್ಚಿ ದಿಬ್ಬ ಹತ್ತಲ್ವಲ್ಲ, ಇವರೊಬ್ಬರನ್ನೇ ಬಿಟ್ಟು ಹೇಗೆ ಬರ್ಲಿ?” ಎಂದು ಎಂಥ ದುಃಖದ ದನಿಯಲ್ಲಿ ಹೇಳುತ್ತಿದ್ದಳೆಂದರೆ, ನನ್ನ ಸ್ವಾರ್ಥಕ್ಕೆ ನನಗೇ ನಾಚಿಕೆಯಾಗುತ್ತಿತ್ತು. (ರಿಪೇರಿ ಮಾಡು ಎಂದು ಹೇಳುವಷ್ಟು ಆಗುತ್ತಿರಲಿಲ್ಲ.)

ಹೀಗೆ ಹಾಯಾಗಿದ್ದವನ ತಲೆ ಕೆಡಿಸಿದ್ದು ಹಲ್ಲಿನ ಡಾಕ್ಟರು. ನಾವಿಬ್ಬರೂ ಬಡಾವಣೆಯ ಚದುರಂಗ ಸಂಘದ ಸದಸ್ಯರು. ಸಂಘದ ಬಾಗಿಲಿಗೆ ಹನ್ನೆರಡು ಅಡಿ ಉದ್ದದ ರ‍್ಯಾಂಪು ಇದೆ. ನನ್ನ ಕುರ್ಚಿ ಅದರ ಅರ್ಧಕ್ಕೆ ಉಸಿರು ಬಿಡುತ್ತದೆ. ಆಗ ಡಾಕ್ಟರು ಅಂಗಿಯ ತೋಳು ಮಡಚಿಕೊಂಡು ಬಂದು ತಳ್ಳುತ್ತಾರೆ. “ಪರವಾಗಿಲ್ಲ ಬಿಡಿ, ಪರವಾಗಿಲ್ಲ ಬಿಡಿ” ಎನ್ನುತ್ತಲೇ ಏದುಸಿರು ಬಿಡುತ್ತಾರೆ. ನೀವೇ ಹೇಳಿ, ನಿಮ್ಮನ್ನು ತಳ್ಳಿ ತಂದು, ಎದುರಿಗೆ ಕೂತು, ಬೆವರು ಒರೆಸಿಕೊಳ್ಳುತ್ತಿರುವ ಮನುಷ್ಯನ ಆನೆಯನ್ನು ಹೊಡೆಯಲು ಯಾರಿಗೆ ಕೈ ಬಂದೀತು? ನಾಲ್ಕು ವರ್ಷ ನಾಲ್ಕು ಫೈನಲ್ಲು ಸೋತೆ. ನಾಲ್ಕೂ ಶುದ್ಧ ದಾಕ್ಷಿಣ್ಯದ ಸೋಲುಗಳು.

ಈ ಸಲದ ಫೈನಲ್ಲಿಗೆ ಒಂದು ವಾರ ಇರುವಾಗ ಡಾಕ್ಟರ ಸೊಂಟ ರ‍್ಯಾಂಪಿನ ನಡುವೆಯೇ ಹಿಡಿದುಕೊಂಡಿತು. ಮೂವರು ಓಡಿಬಂದರು. ಒಬ್ಬರು ಎಳೆದರು, ಇಬ್ಬರು ತಳ್ಳಿದರು. “ಎಡಕ್ಕೆ, ಎಡಕ್ಕೆ! ಗೋಡೆ ನೋಡ್ಕೊಳ್ಳಿ!” ಬೀರು ಸಾಗಿಸುವವರ ಹಾಗೆ ಅವರವರೇ ಮಾತಾಡಿಕೊಂಡರು. ಬೀರುವಿನ ಅಭಿಪ್ರಾಯ ಯಾರೂ ಕೇಳಲಿಲ್ಲ. ಈಗ ತಮಾಷೆಯಾಗಿ ಹೇಳುತ್ತಿದ್ದೇನೆ, ಆದರೆ ಅವತ್ತು ನನಗೆ ಅವಮಾನವಾಯಿತು. ನನ್ನವಳು ಕೆಳಗೆ ನಿಂತು ನೋಡುತ್ತಿದ್ದಳು.

ಮಾರನೆಯ ಬೆಳಗ್ಗೆ ಅವಳ ಅಂಗಡಿಗೆ ಮನವಿ ಹೊತ್ತು ಹೋದೆ.

“ನೋಡೇ, ಭಾನುವಾರ ಆ ರ‍್ಯಾಂಪನ್ನ ನಾನೊಬ್ಬನೇ ಹತ್ಬೇಕು.”

ಪಂಪಿನ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದವಳು ಕೈ ನಿಲ್ಲಿಸಲಿಲ್ಲ. “ಒಬ್ಬರೇ ಅಂದ್ರೆ?”

“ಒಬ್ಬನೇ ಅಂದ್ರೆ ಒಬ್ಬನೇ. ಯಾರೂ ತಳ್ಳಬಾರದು. ಕುರ್ಚಿಗೆ ಸ್ವಲ್ಪ ಶಕ್ತಿ ಬರೋ ಹಾಗೆ ಮಾಡು.”

“ಎಷ್ಟು ಶಕ್ತಿ?”

ಇಲ್ಲಿ ನಾನು ಬಹಳ ಹುಷಾರಾದೆ. “ಜಾಸ್ತಿ ಬೇಡ. ಹನ್ನೆರಡು ಅಡಿಗೆ ಸಾಕಾಗೋಷ್ಟು. ಅದಕ್ಕಿಂತ ದೊಡ್ಡ ಏರು ಹತ್ತಬಾರದು.”

“ಹತ್ತಬಾರದಾ?”

“ಅಂದ್ರೆ... ಹತ್ತಲೇಬೇಕು ಅಂತೇನಿಲ್ಲ. ಪಾಪ, ಬ್ಯಾಟರಿಗೆ ಯಾಕೆ ಸುಮ್ನೆ ತೊಂದ್ರೆ.”

“ಕರೆಂಟಿಗೆ ರ‍್ಯಾಂಪು ಯಾವ್ದು ದಿಬ್ಬ ಯಾವ್ದು ಅಂತ ಗೊತ್ತಾಗಲ್ಲ ರೀ. ಹತ್ತಿದ್ರೆ ಎಲ್ಲಾನೂ ಹತ್ತತ್ತೆ. ಯೋಚನೆ ಮಾಡಿ ಹೇಳಿ.”

“ಮಾಡಿದೀನಿ.”

“ಇನ್ನೊಂದ್ಸಲ ಮಾಡಿ. ಆಮೇಲೆ ನನ್ನನ್ನ ಅನ್ಬಾರ್ದು.”

ಕೆಲಸದ ಒತ್ತಡಕ್ಕೆ ಹೀಗೆ ಅನ್ನುತ್ತಿದ್ದಾಳೆ ಎಂದುಕೊಂಡೆ. ಒಂದು ಕಡೆ ನಾನೂರ ಹನ್ನೆರಡು ಫೋಟೋ ಕಣ್ಣ ಮುಂದೆ ಬಂದವು. ಇನ್ನೊಂದು ಕಡೆ ‘ಗೋಡೆ ನೋಡ್ಕೊಳ್ಳಿ’ ಕಿವಿಯಲ್ಲಿ ಕೇಳಿಸಿತು. “ಮಾಡೇಬಿಡು,” ಎಂದೆ.

ಅವಳು ಕೆಲಸಕ್ಕೆ ಕೂತರೆ ನೋಡಬೇಕು. ನನ್ನನ್ನು ಬೆಂಚಿಗೆ ವರ್ಗಾಯಿಸಿ, ಕುರ್ಚಿಯ ಸೀಟು ಎತ್ತಿ, ಮೀಟರಿನ ಎರಡು ಕಡ್ಡಿ ಹಿಡಿದು ಬಗ್ಗಿದಳು. ಚಕ್ರವನ್ನು ಗೋಡೆಗೆ ಒತ್ತಿ ಮೋಟಾರಿಗೆ ಭಾರ ಕೊಟ್ಟು ಅಳೆದಳು. “ಬ್ಯಾಟರಿ ಹತ್ರ ಇಪ್ಪತ್ತೈದು ವೋಲ್ಟು. ಅಲ್ಲಿಂದ ಮೂರಡಿ ಆಚೆ, ಮೋಟಾರಿನ ಹತ್ರ, ಇಪ್ಪತ್ತೊಂದು. ನಾಲ್ಕು ವೋಲ್ಟು ದಾರೀಲಿ ಯಾರು ತಿಂದ್ರು?” ಎಂದು ನನ್ನತ್ತ ತಿರುಗಿದಳು. ನಾನು ತಿಂದಿರಲಿಲ್ಲವಾದರೂ ತಪ್ಪಿತಸ್ಥನ ಹಾಗೆ ತಲೆ ತಗ್ಗಿಸಿದೆ.

ತಿಂದದ್ದು ವೈರು. ಮೋಟಾರು ಏರಿನಲ್ಲಿ ಹೆಚ್ಚು ಕರೆಂಟು ಕೇಳುತ್ತದಂತೆ. ವೈರು ಸಣ್ಣದಾಗಿ, ಅದನ್ನು ಜೋಡಿಸುವ ಕನೆಕ್ಟರು ಸಡಿಲವಾಗಿದ್ದರೆ, ಆ ಕರೆಂಟು ಚಕ್ರ ತಿರುಗಿಸುವ ಬದಲು ದಾರಿಯನ್ನೇ ಬಿಸಿ ಮಾಡುತ್ತಾ ಕೂರುತ್ತದಂತೆ. ಮಸಿ ಹಿಡಿದ ಕನೆಕ್ಟರನ್ನು ತೋರಿಸಿದಳು. ಅದಕ್ಕೆ ಯಾರೋ ಬಹಳ ಒಪ್ಪವಾಗಿ ಟೇಪು ಸುತ್ತಿದ್ದರು. “ಯಾರು ಸುತ್ತಿದ್ದು ಇದನ್ನ?” ಎಂದು ಕೇಳಿದೆ. “ಯಾರೋ,” ಎಂದಳು.

ಬ್ಯಾಟರಿ ಬಿಚ್ಚಿಟ್ಟು, ಹಳೆಯ ವೈರನ್ನೆಲ್ಲ ಕರುಳು ತೆಗೆದಂತೆ ಹೊರಗೆಳೆದು, ಕಿರುಬೆರಳಿನಷ್ಟು ದಪ್ಪದ ತಾಮ್ರದ ವೈರನ್ನು ಒಂದಂಗುಲವೂ ಹೆಚ್ಚಾಗದಂತೆ ಕತ್ತರಿಸಿದಳು. ತುದಿ ಸುಲಿದು ಲೋಹದ ಬಾಯಿಗೆ ಇಟ್ಟು ಇಕ್ಕಳದಲ್ಲಿ ಕಟಕ್ ಎಂದು ಒತ್ತಿದಳು. ಒತ್ತಿದ್ದನ್ನು ಎಳೆದು ನೋಡಿದಳು, ಅಲುಗಲಿಲ್ಲ. ಬಿಸಿ ತಾಗಿದರೆ ಕುಗ್ಗಿ ಅಪ್ಪಿಕೊಳ್ಳುವ ಕರಿಯ ಕೊಳವೆಯೊಂದನ್ನು ಮೇಲೆ ಹೊದಿಸಿದಳು. ಐವತ್ತನಾಲ್ಕು ವರ್ಷದ ಬೆರಳುಗಳು, ಒಂದು ಸಲವೂ ನಡುಗಲಿಲ್ಲ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಇಷ್ಟು ವರ್ಷ ಇಂಥವಳ ಪಕ್ಕದಲ್ಲಿ ಕೂತು ಅಲ್ಪವಿರಾಮ ಹುಡುಕುತ್ತಿದ್ದೆನಲ್ಲ ಎನಿಸಿತು.

ಆದರೂ ಗಂಡಸಿನ ನಾಲಿಗೆ ಸುಮ್ಮನಿರಬೇಕಲ್ಲ. “ಆ ಫ್ಯೂಸು ತೆಗೆದುಬಿಟ್ರೆ ಇನ್ನೂ ಶಕ್ತಿ ಬರಲ್ವಾ?” ಎಂದೆ.

“ಬರತ್ತೆ. ಜೊತೆಗೆ ಬೆಂಕೀನೂ ಬರತ್ತೆ. ಕೂತಿರೋರು ನೀವು.”

“ಹೋಗ್ಲಿ, ಒಂದು ಕನೆಕ್ಟರಾದ್ರೂ ನಾನು ಹಾಕ್ತೀನಿ ಕೊಡು. ಕೆಂಪು, ಕಪ್ಪು, ಇದರಲ್ಲಿ ಏನು ಮಹಾ ವಿದ್ಯೆ ಇದೆ?”

ಅವಳು ನನ್ನನ್ನು ಒಮ್ಮೆ ನೋಡಿ, ಎಡ ಮೋಟಾರಿನ ಎರಡು ವೈರು ಕೈಗೆ ಕೊಟ್ಟಳು. ಅಷ್ಟರಲ್ಲಿ ಪಂಪಿನ ಯಜಮಾನರು ಬಂದು ಅವಳನ್ನು ಮಾತಿಗೆಳೆದರು. ನಾನು ಘನಗಂಭೀರವಾಗಿ ಕೆಂಪಿನ ಜಾಗಕ್ಕೆ ಕಪ್ಪನ್ನೂ ಕಪ್ಪಿನ ಜಾಗಕ್ಕೆ ಕೆಂಪನ್ನೂ ಸಿಕ್ಕಿಸಿ, ಮೇಲೆ ಕೊಳವೆಯನ್ನೂ ಹೊದಿಸಿ ಮುಚ್ಚಿದೆ. ಬ್ಯಾಟರಿ ಸಿಕ್ಕಿಸಿ, ಸೀಟು ಮುಚ್ಚಿ, ಬೆಂಚಿನಿಂದ ತೋಳಿನ ಬಲದಲ್ಲಿ ಕುರ್ಚಿಗೆ ಜರುಗಿ ಕೋಲನ್ನು ಮುಂದಕ್ಕೆ ತಳ್ಳಿದೆ. ಬಲಚಕ್ರ ಮುಂದೆ ಹೊರಟಿತು, ಎಡಚಕ್ರ ಹಿಂದೆ ಹೊರಟಿತು. ನಾನು ನಿಂತಲ್ಲೇ ಬುಗುರಿಯಾದೆ. ಹೊಸ ಶಕ್ತಿ ಬೇರೆ ಬಂದಿತ್ತಲ್ಲ! ಒಂದನೇ ಸುತ್ತಿಗೆ ಮಿಕ್ಸಿ ಜಾರುಗಳ ಸಾಲು ಉರುಳಿತು, ಎರಡನೇ ಸುತ್ತಿಗೆ ಮೊಳೆಗಳ ಡಬ್ಬ. ಮೂರನೇ ಸುತ್ತಿನಲ್ಲಿ ಪಂಪಿನ ಯಜಮಾನರು ಮೇಜು ಹತ್ತಿದ್ದು ಕಾಣಿಸಿತು.

“ಕೋಲು ಬಿಡಿ ರೀ! ಕೋಲು ಬಿಡಿ!”

ಬಿಟ್ಟೆ. ಕುರ್ಚಿ ನಿಂತಿತು, ಅಂಗಡಿ ಇನ್ನೂ ತಿರುಗುತ್ತಿತ್ತು. ಬಯ್ಗುಳದ ಮಳೆಗೆ ಸಿದ್ಧನಾಗಿ ಕಣ್ಣು ಮುಚ್ಚಿಕೊಂಡೆ. ಅವಳು ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಎರಡು ನಿಮಿಷದಲ್ಲಿ ನನ್ನ ಮಹಾವಿದ್ಯೆಯನ್ನು ಬಿಚ್ಚಿ ಸರಿಪಡಿಸಿದಳು.

ಭಾನುವಾರ ಡಾಕ್ಟರು ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು, ತೋಳು ಮಡಚಿಕೊಂಡು ರ‍್ಯಾಂಪಿನ ಬುಡದಲ್ಲೇ ಕಾಯುತ್ತಿದ್ದರು. “ಬೇಡಿ ಡಾಕ್ಟ್ರೇ,” ಎಂದು ಕೋಲು ತಳ್ಳಿದೆ. ಕುರ್ಚಿ ಗುಂಯ್ ಎಂದಿತು. ಮೂರಡಿ, ಆರಡಿ, ಒಂಬತ್ತು ಅಡಿ. ಐದೂ ದೀಪ ಹಸಿರು. ಕೆಳಗೆ ನಿಂತಿದ್ದ ನನ್ನವಳತ್ತ ಹಿಂತಿರುಗಿ ನೋಡಲಿಲ್ಲ, ನೋಡಿದರೆ ಅತ್ತುಬಿಡುತ್ತಿದ್ದೆ. ಬಾಗಿಲು ದಾಟಿ ಒಳಗೆ ಹೋದಾಗ ಹದಿನೈದು ವರ್ಷದಲ್ಲಿ ಮೊದಲ ಸಲ ನಾನು ಎದ್ದು ನಿಂತಂತೆ ಅನಿಸಿತು.

ಇನ್ನು ಆಟ. ಈ ಸಲ ದಾಕ್ಷಿಣ್ಯದ ಹಂಗಿಲ್ಲ, ಡಾಕ್ಟರನ್ನು ಪುಡಿಗುಟ್ಟುವುದೊಂದೇ ಬಾಕಿ. ಹತ್ತೊಂಬತ್ತನೇ ನಡೆಗೆ ನನ್ನ ರಾಜ ಮೂಲೆಯಲ್ಲಿ ಸಿಕ್ಕಿಬಿದ್ದ.

ಡಾಕ್ಟರು ನನ್ನ ಕೈ ಹಿಡಿದು ಕುಲುಕಿದರು. “ನಾಲ್ಕು ವರ್ಷ ನಿಮ್ಮನ್ನ ತಳ್ಳಿ ತಳ್ಳಿ ಸುಸ್ತಾಗಿ ನಂಗೆ ತಲೇನೇ ಓಡ್ತಿರ್ಲಿಲ್ಲ ಸಾರ್. ಹೇಗೋ ಗೆಲ್ತಿದ್ದೆ. ಇವತ್ತು ಹಾಯಾಗಿ ಆಡ್ದೆ. ನಿಮ್ಮ ಮನೆಯವರಿಗೆ ಥ್ಯಾಂಕ್ಸ್ ಹೇಳಿ.”

ಸೋಲಿಗೊಂದು ನೆಪವೂ ಇಲ್ಲದೆ ಕೂತಿದ್ದಾಗ ಬಹುಮಾನ ಕೊಡಲು ಮುಖ್ಯ ಅತಿಥಿಗಳು ಬಂದರು. ನನ್ನವಳ ಅಕ್ಕ! ಕೊರಳಲ್ಲಿ ಕ್ಯಾಮೆರಾ.

“ಸಂಘದ ಮಹಡಿ ಕಿಟಕಿಯಿಂದ ನೋಡ್ದೆ! ಎಷ್ಟು ಚೆನ್ನಾಗಿ ಹತ್ತಿದ್ರಿ! ಹದಿನಾಲ್ಕು ಫೋಟೋ ತೆಗ್ದಿದೀನಿ. ಇನ್ನು ದಿಬ್ಬ ಏನು ಲೆಕ್ಕ? ಶನಿವಾರ ಬರ್ಲೇಬೇಕು. ನಾಲ್ಕು ವರ್ಷದ ಪ್ರವಾಸ ತೋರಿಸೋದಿದೆ.”

ಸಹಾಯಕ್ಕಾಗಿ ನನ್ನವಳ ಕಡೆ ನೋಡಿದೆ. ಅವಳ ಮುಖ ನನ್ನದಕ್ಕಿಂತ ಇಳಿದುಹೋಗಿತ್ತು.

ಮನೆಯ ದಾರಿಯಲ್ಲಿ ಕೇಳಿದೆ. “ನಿಂಗೆ ಸಂತೋಷ ಅಲ್ವೇನೇ? ಅಕ್ಕನ ಮನೆಗೆ ಹೋಗ್ಬಹುದು.”

“ಸಂತೋಷ ಅಂತೆ! ನಾಲ್ಕು ವರ್ಷ ಆ ಕನೆಕ್ಟರನ್ನ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡ್ಕೊಂಡು ಬಂದಿದ್ದೆ. ತಿಂಗಳಿಗೊಂದ್ಸಲ ಬಿಚ್ಚಿ ಒರೆಸಿ, ಟೇಪು ಸುತ್ತಿ ಇಡ್ತಿದ್ದೆ. ಸುಡದ ಹಾಗೆ ನೋಡ್ಕೊಂಡೆ. ಹತ್ತದ ಹಾಗೆ ಮಾತ್ರ ಬಿಟ್ಟಿದ್ದೆ.”

ಕುರ್ಚಿ ತಾನಾಗಿ ನಿಂತಿತು. (ಕೋಲಿನಿಂದ ನನ್ನ ಕೈ ಜಾರಿತ್ತು.) “ಅಂದ್ರೆ ನಿಂಗೂ ಆ ಫೋಟೋ...”

“ಆ ಬೆಟ್ಟಾನ ಇನ್ನೊಂದ್ಸಲ ನೋಡಿದ್ರೆ ನಾನೇ ಬಸ್ಸಿನ ಕೆಳಗೆ ಬೀಳ್ತೀನಿ ರೀ.”

“ಮತ್ಯಾಕೆ ಸರಿ ಮಾಡ್ದೆ?”

ಅವಳು ಜಾರಿದ ನನ್ನ ಕೈಯನ್ನು ಎತ್ತಿ ಮತ್ತೆ ಕೋಲಿನ ಮೇಲಿಟ್ಟಳು. “ಹೋದ ವಾರ ಅವರೆಲ್ಲ ನಿಮ್ಮನ್ನ ಎಳೀತಿದ್ರಲ್ಲ, ಆಗ ನಿಮ್ಮ ಮುಖ ನೋಡ್ದೆ. ನಡೀರಿ ಈಗ.”

ನಾನು ಅವಳ ಕೈ ಹಿಡಿದುಕೊಂಡೆ. ಎಡಗೈಯಿಂದ, ಬಲಗೈ ಕೋಲಿನ ಮೇಲಿತ್ತು.

ಶನಿವಾರ ಸಂಜೆ ಶರ್ಟು ಬದಲಿಸಿ ಹೊರಟು ನಿಂತರೆ, ನನ್ನವಳು ಸುಟ್ಟ ಮೋಟಾರೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. “ಅರ್ಜೆಂಟು ಕೆಲಸ ಬಂದಿದೆ ರೀ. ನೀವು ಹೋಗ್ಬನ್ನಿ.”

“ನಾನೊಬ್ಬನೇನಾ?”

“ಒಬ್ಬನೇ ಅಂದ್ರೆ ಒಬ್ಬನೇ, ಯಾರೂ ತಳ್ಳಬಾರದು ಅಂದಿದ್ದು ಯಾರು?”

ದಿಬ್ಬದಲ್ಲಿ ಕುರ್ಚಿ ಒಂದು ಕಡೆಯೂ ಮುಗ್ಗರಿಸಲಿಲ್ಲ. ಎರಡು ಗಂಟೆಯ ಬೆಟ್ಟಗಳು ಮುಗಿದ ಮೇಲೆ ನನ್ನವೇ ಫೋಟೋಗಳು ಬಂದವು. “ಇದು ನೀವು ರ‍್ಯಾಂಪಿನ ಬುಡದಲ್ಲಿ. ಇದೂ ನೀವೇ, ಒಂದಡಿ ಮೇಲೆ.” ಹದಿನಾಲ್ಕನೆಯದರಲ್ಲಿ ನಾನು ಬಾಗಿಲ ಬಳಿ ಇದ್ದೆ. ಹಿಂದೆ, ಕೆಳಗೆ, ಮೂಲೆಯಲ್ಲಿ ನನ್ನವಳು ನಿಂತಿದ್ದಳು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು, ಅಳುತ್ತಾ, ನಗುತ್ತಾ, ನನ್ನನ್ನೇ ನೋಡುತ್ತಿದ್ದಳು. ನಾನು ಹಿಂತಿರುಗದೆ ಕಳೆದುಕೊಂಡ ಮುಖ ಅದು.

“ಅತ್ತಿಗೆ,” ಎಂದೆ, “ಇನ್ನೊಂದ್ಸಲ ತೋರಿಸ್ತೀರಾ?”

ಇಷ್ಟು ವರ್ಷದಲ್ಲಿ ಅವರನ್ನು ಯಾರೂ ಹಾಗೆ ಕೇಳಿರಲಿಲ್ಲವಂತೆ. ಅವರ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು, “ನಿಮಗಲ್ಲದೆ ಇನ್ಯಾರಿಗೆ ತೋರಿಸ್ಲಿ!” ಎಂದು ಮೊದಲನೇ ಬೆಟ್ಟದಿಂದ ಶುರು ಮಾಡಿದರು.

ಹೊರಡಲು ಒಂದು ನೆಪ ಸಿಕ್ಕೀತೇ ಎಂಬ ಆಸೆಯಿಂದ ಕುರ್ಚಿಯ ದೀಪಗಳ ಕಡೆ ನೋಡಿದೆ. ಐದೂ ಹಸಿರಾಗಿಯೇ ಇದ್ದವು.